ನಾಲ್ಕನೆಯ ಸೀಟಿನ ಬಿಳಿ ಕಲ್ಲು

ಐರ್ಲೆಂಡಿನ ಕ್ಲಾಂಡಾಲ್ಕಿನ್‌ನ ಕನ್ನಡದವರ ನಡುವೆ ಉಲ್ಲಾಸನಿಗೆ ‘ಡೊನೆಗಲ್ ಉಲ್ಲಾಸ’ ಎಂದೇ ಹೆಸರು. ಊರಿನಿಂದ ಯಾರ ಅಪ್ಪ ಅಮ್ಮ ಬಂದರೂ ಮೊದಲ ಫೋನು ಅವನಿಗೇ. ದೇಶದ ಉತ್ತರದ ತುದಿಯ ಡೊನೆಗಲ್ ಜಿಲ್ಲೆಯ ರಸ್ತೆಗಳೆಲ್ಲ ಅವನಿಗೆ ಬಾಯಿಪಾಠ. ಲೆಟರ್‌ಕೆನಿಯಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದೆ ಬಂಕ್ ಕಡಿಮೆ ಅನ್ನುತ್ತಿದ್ದ. ಗ್ಲೆನ್‌ವೇ ಪಾರ್ಕಿನಿಂದ ಪಶ್ಚಿಮಕ್ಕೆ ಹೊರಟರೆ ಎರಿಗಲ್ ಬೆಟ್ಟ ಬಲಗಡೆ ಬರುತ್ತದೆ, ಅಮ್ಮನನ್ನು ಬಲಗಡೆ ಕೂರಿಸಿ ಅನ್ನುತ್ತಿದ್ದ. ಕುರಿಗಳು ರಸ್ತೆಯಲ್ಲಿ ಮಲಗಿದ್ದರೆ ಹಾರ್ನ್ ಹೊಡೆದು ಪ್ರಯೋಜನವಿಲ್ಲ, ಇಳಿದು ಮಾತಾಡಿಸಬೇಕು ಅನ್ನುತ್ತಿದ್ದ. ಹೀಗೆ ಎಲ್ಲರಿಗೂ ದಾರಿ ಹೇಳುವವನು ತಾನು ಆ ದಾರಿಗಳನ್ನು ಯಾಕೆ ಕಲಿತ ಅಂತ ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇಲ್ಲ ಬಿಡಿ. ನಮ್ಮ ಜನಕ್ಕೆ ಪಾರ್ಕಿಂಗ್ ಎಲ್ಲಿ, ಟಾಯ್ಲೆಟ್ ಎಲ್ಲಿ ಅಂತ ಗೊತ್ತಾದರೆ ಸಾಕು.

ನಾನು ಹೇಳುತ್ತೇನೆ ಕೇಳಿ. ಹದಿನಾಲ್ಕು ತಿಂಗಳ ಹಿಂದೆ ಅವನ ಹೆಂಡತಿ ಪ್ರಕೃತಿಗೆ ಎಂಟನೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತ್ತು. ಹುಟ್ಟುವಾಗಲೇ ಉಸಿರಿರಲಿಲ್ಲ. ಮಗುವನ್ನು ನೋಡುತ್ತೀರಾ, ಎತ್ತಿಕೊಳ್ಳುತ್ತೀರಾ ಅಂತ ನರ್ಸ್ ಮೆತ್ತಗೆ ಕೇಳಿದಳು. ಪ್ರಕೃತಿ ಮಂಪರಿನಲ್ಲಿದ್ದಳು. ಬೇಡ ಎಂದವನು ಉಲ್ಲಾಸ. ಅವನಿಗೆ ಹಾಗೆ ಹೇಳಿಕೊಟ್ಟವರು ಮೈಸೂರಿನಿಂದ ಫೋನಿನಲ್ಲಿದ್ದ ಅತ್ತೆ ಲೀಲಾವತಿ. “ಮುಖ ತೋರಿಸ್ಬೇಡಿ ಅಳಿಯಂದ್ರೇ, ನೋಡಿದ್ರೆ ಅವಳು ಜನ್ಮದಲ್ಲಿ ಮರೆಯಲ್ಲ. ಹೆಸರೂ ಇಡ್ಬೇಡಿ” ಎಂದಿದ್ದರು. ವೀಸಾ ಸಿಗದೆ ಅವರು ಬರಲಾಗಿರಲಿಲ್ಲ. ಮಗುವನ್ನು ಮಣ್ಣು ಮಾಡುವಾಗಲೂ ಉಲ್ಲಾಸ ಒಬ್ಬನೇ ಇದ್ದ. ಮನೆಗೆ ಬಂದ ಪ್ರಕೃತಿ ಮಗುವಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಎಲ್ಲಿ ಮಲಗಿಸಿದೆ ಎಂದೂ ಕೇಳಲಿಲ್ಲ.

ಅವಳು ಎಂದಾದರೂ ಕೇಳಿಯಾಳು ಎನ್ನುವುದೊಂದೇ ಅವನ ಆಸೆ, ಅದೇ ಅವನ ಹೆದರಿಕೆ ಕೂಡ. ಕೇಳದೇ ಹೋದರೆ ಈ ಸಂಸಾರ ಹೀಗೇ ಒಳಗೊಳಗೇ ಒಣಗಿಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಇಬ್ಬರೂ ಸುಮ್ಮನಿದ್ದರೆ ಉಸಿರು ಕಟ್ಟುತ್ತದೆ. ಕಾರಿನಲ್ಲಿ ಸುಮ್ಮನಿದ್ದರೆ ಸೀನರಿ ನೋಡುತ್ತಿದ್ದೇವೆ ಎಂದುಕೊಳ್ಳಬಹುದು. ಅದಕ್ಕೇ ತಿಂಗಳಿಗೆರಡು ಶನಿವಾರ ಡೊನೆಗಲ್, ಅದಕ್ಕೇ ಅಷ್ಟೊಂದು ರಸ್ತೆ ಬಾಯಿಪಾಠ.

ಈ ಜೂನ್‌ನಲ್ಲಿ ಲೀಲಾವತಿಗೆ ಕೊನೆಗೂ ವೀಸಾ ಸಿಕ್ಕಿತು. ಬಂದ ವಾರದಲ್ಲೇ ಮೂವರೂ ಉತ್ತರಕ್ಕೆ ಹೊರಟರು. ಪ್ರಕೃತಿ ಮುಂದೆ, ಲೀಲಾವತಿ ಹಿಂದೆ, ತೊಡೆಯ ಮೇಲೆ ಚಪಾತಿ ಡಬ್ಬಿ. ನಾಲ್ಕು ಗಂಟೆ ದಾರಿ ಸವೆದು, ಗ್ಲೆನ್‌ವೇ ಪಾರ್ಕಿನ ಹತ್ತಿರ ಬರೀ ಕಂದು ಬಯಲು, ಮಂಜು, ದೂರದಲ್ಲೊಂದು ಜಿಂಕೆ ಹಿಂಡು ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ ಲೀಲಾವತಿ ಒಮ್ಮೆಲೇ ಹಣೆ ಚಚ್ಚಿಕೊಂಡರು.

“ಅಯ್ಯೋ ನನ್ನ ಬುದ್ಧಿಗಿಷ್ಟು! ಮೂರು ಜನ ಹೊರಟಿದೀವಲ್ರೀ! ಕಾರ್ ನಿಲ್ಸಿ.”

“ಏನಾಯ್ತು ಅತ್ತೆ?”

“ಮೂರು ಜನ ಹೋಗಬಾರದು. ಒಂದು ಕಲ್ಲು ಇಟ್ಕೊಂಡ್ರೆ ನಾಲ್ಕು ಲೆಕ್ಕ. ಮನೇಲೇ ತಗೋಬೇಕಿತ್ತು, ಮರೆತೇಬಿಟ್ಟೆ.”

“ಅಮ್ಮ, ಇಲ್ಲೂ ಶುರು ಮಾಡಿದ್ಯಾ?” ಎಂದಳು ಪ್ರಕೃತಿ. ಆದರೆ ಲೀಲಾವತಿಯ ಹಟ ಗೊತ್ತಿದ್ದ ಉಲ್ಲಾಸ ಮುಂದಿನ ತಿರುವಿನಲ್ಲಿ ನಿಲ್ಲಿಸಿದ. ಅಲ್ಲೊಂದು ಕುಸಿದ ಮೋಟುಗೋಡೆ, ಒಂದು ಒಂಟಿ ಮುಳ್ಳಿನ ಮರ. ಗೋಡೆಯ ಒಳಗೆ ಹುಲ್ಲಿನಲ್ಲಿ ಪುಟ್ಟ ಪುಟ್ಟ ಕಲ್ಲುಗಳು ನೆಟ್ಟಗೆ ನಿಂತಿದ್ದವು. ಲೀಲಾವತಿ ಒಳಗೆ ಹೋಗಿ, ಬಗ್ಗಿ, ಅಂಗೈಯಲ್ಲಿ ಹಿಡಿಸುವಂಥ ಒಂದು ಬಿಳಿ ಕಲ್ಲನ್ನು ಎತ್ತಿಕೊಂಡರು. ಬರೀ ಎತ್ತಿಕೊಂಡಿದ್ದರೆ ಏನಾಗುತ್ತಿತ್ತೋ. ಅವರ ತಾಯಿ ಮಾಡುತ್ತಿದ್ದ ಹಾಗೆ ಕರೆದೂ ಕರೆದರು. “ಬಾಮ್ಮ, ನಮ್ಮ ಜೊತೆ ನಾಲ್ಕನೇದಾಗಿ ಬಾ” ಎಂದರು. ಕಾರಿಗೆ ಹತ್ತಿ ಅದನ್ನು ಪಕ್ಕದ ಸೀಟಿನಲ್ಲಿಟ್ಟು, “ಇಷ್ಟು ಚಳೀಲೂ ಬೆಚ್ಚಗಿದೆ ನೋಡೇ” ಎಂದರು.

ಹೊರಟು ನೂರು ಗಜ ಹೋಗಿರಲಿಲ್ಲ, ಕಾರು ಟಣ್ ಟಣ್ ಅನ್ನತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಹಿಂದಿನ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕಿಕೊಂಡಿಲ್ಲ.

“ಅತ್ತೆ, ಬೆಲ್ಟು.”

“ಹಾಕ್ಕೊಂಡೇ ಇದೀನಲ್ಲಪ್ಪ.”

ನಿಜ, ಹಾಕಿಕೊಂಡಿದ್ದರು. ದೀಪ ತೋರಿಸುತ್ತಿದ್ದುದು ಪಕ್ಕದ ಸೀಟನ್ನು. ಅಲ್ಲಿ ಇದ್ದುದು ಕಾಲು ಕೆಜಿಯೂ ತೂಗದ ಕಲ್ಲು. ಉಲ್ಲಾಸ ನಿಲ್ಲಿಸಿ ಕಲ್ಲನ್ನು ಕೆಳಗೆ, ಕಾಲಿನ ಹತ್ತಿರ ಇಡಿಸಿದ. ಆಗಲೂ ದೀಪ ಆರಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು, ಕೆಂಪು ಮಾತ್ರ ಉಳಿಯಿತು. ಸೆನ್ಸರ್ ಕೆಟ್ಟಿರಬೇಕು ಎಂದು ಅವನು ಜೋರಾಗಿಯೇ ಹೇಳಿದ. ತನಗೇ ಹೇಳಿಕೊಂಡ ಅನ್ನಿ.

ಮುಂದೆ ರಸ್ತೆ ಬದಿಯ ಒಂದು ಸಣ್ಣ ಕಾಫಿ ಅಂಗಡಿಯಲ್ಲಿ ಕೂತರು. ಆರ್ಡರ್ ತೆಗೆದುಕೊಂಡ ಹುಡುಗಿ ಹೋದವಳು ಮಕ್ಕಳನ್ನು ಕೂರಿಸುವ ಎತ್ತರದ ಕುರ್ಚಿಯೊಂದನ್ನು ಎಳೆದುಕೊಂಡು ಬಂದು ಮೇಜಿಗೆ ತಾಗಿಸಿ ಇಟ್ಟಳು.

“ನಾವು ಮೂವರೇ” ಎಂದ ಉಲ್ಲಾಸ ಇಂಗ್ಲಿಷಿನಲ್ಲಿ.

ಹುಡುಗಿ ಮೇಜಿನ ಕೆಳಗೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿದಳು. “ಒಳಗೆ ಬರುವಾಗ ಪುಟ್ಟವಳೊಬ್ಬಳು ಜೊತೆಗಿದ್ದಳಲ್ಲ?” ಎಂದವಳು ಕೆಂಪಗಾಗಿ, ಕ್ಷಮೆ ಕೇಳಿ, ಕುರ್ಚಿಗೆ ಕೈ ಹಾಕಿದಳು.

ಉಲ್ಲಾಸನಿಗೆ ಹೆಂಡತಿಯ ಮುಖ ನೋಡಲು ಧೈರ್ಯವಾಗಲಿಲ್ಲ. ಪ್ರಕೃತಿ ಕುರ್ಚಿಯ ಮೇಲೆ ಕೈಯಿಟ್ಟು, “ಇರ್ಲಿ ಬಿಡಿ, ಗ್ರ್ಯಾಂಡ್” ಎಂದಳು, ಪರವಾಗಿಲ್ಲ ಎನ್ನಲು ಇಲ್ಲಿನವರು ಹೇಳುವ ಹಾಗೆ. ಕಾಫಿ ಮುಗಿಯುವವರೆಗೂ ಆ ಕೈ ತೆಗೆಯಲಿಲ್ಲ. ಲೀಲಾವತಿ ಬಾಯಿಯ ಹತ್ತಿರ ಒಯ್ದಿದ್ದ ಬಿಸ್ಕತ್ತನ್ನು ಹಾಗೇ ತಟ್ಟೆಗೆ ಇಟ್ಟರು.

ಅಲ್ಲಿಂದ ಕಡಲಿನ ಕಡೆಗೆ ಒಂದೇ ರಸ್ತೆ. ಎಡಕ್ಕಿಲ್ಲ, ಬಲಕ್ಕಿಲ್ಲ, ಕಣ್ಣು ಮುಚ್ಚಿ ಹೋಗಬಹುದಾದ ರಸ್ತೆ. ಮಂಜು ದಟ್ಟವಾಗಿತ್ತು. ಎರಿಗಲ್ ಬೆಟ್ಟ ಬಲಗಡೆ ಕಾಣಬೇಕಿತ್ತು, ಕಾಣಲಿಲ್ಲ. ನಲವತ್ತು ನಿಮಿಷ ಓಡಿದ ಮೇಲೆ ಒಂದು ತಿರುವು ಬಂತು. ಕುಸಿದ ಮೋಟುಗೋಡೆ, ಒಂಟಿ ಮುಳ್ಳಿನ ಮರ. ಹುಲ್ಲಿನ ಮೇಲೆ ಅವರದೇ ಟೈರಿನ ಗುರುತು ಇನ್ನೂ ಹಸಿಯಾಗಿತ್ತು.

ಡೊನೆಗಲ್ ಉಲ್ಲಾಸ ಡೊನೆಗಲ್‌ನಲ್ಲಿ ದಾರಿ ತಪ್ಪಿದ್ದ! ಬೇರೆ ದಿನವಾಗಿದ್ದರೆ ನಾವೆಲ್ಲ ವರ್ಷವಿಡೀ ನಗಬಹುದಿತ್ತು. ಅವತ್ತು ಅವನು ಇಳಿದು, ಬಗ್ಗಿ, ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದ.

ಗೋಡೆಗೆ ಒರಗಿ ಒಬ್ಬ ಮುದುಕ ನಿಂತಿದ್ದ. ಎಂಬತ್ತರ ಮೇಲಿನ ವಯಸ್ಸು, ಕಾಲಿಗೆ ರಬ್ಬರ್ ಬೂಟು, ಜೊತೆಗೊಂದು ಕುರಿ ನಾಯಿ. ನಾಯಿ ಕಾರಿನ ಹತ್ತಿರ ಬಂದು, ಹಿಂದಿನ ಕಿಟಕಿಯನ್ನು ನೋಡಿ, ಕುಂಯ್ಗುಟ್ಟುತ್ತ ಹಿಂದೆ ಸರಿಯಿತು. ಮುದುಕ ತನ್ನ ಹೆಸರು ಪೀಟರ್ ಎಂದ, ಈ ಬಯಲಿನ ಕುರಿಗಳು ತನ್ನವು ಎಂದ. ಆಮೇಲೆ, ದಾರಿ ಕೇಳಲೂ ಬಿಡದೆ, “ಇಲ್ಲಿಂದ ಏನು ತೆಗೆದುಕೊಂಡು ಹೋದಿರಿ?” ಎಂದು ಕೇಳಿದ.

ಲೀಲಾವತಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಆ ಪ್ರಶ್ನೆ ಅರ್ಥವಾಯಿತು. ಕಾರಿನಿಂದ ಇಳಿದು ಕಲ್ಲು ತೋರಿಸಿದರು.

ಪೀಟರ್ ಟೋಪಿ ತೆಗೆದ. ಬೈಯಲಿಲ್ಲ. ಇದು ಕಿಲ್ಲೀನ್, ಮಕ್ಕಳನ್ನು ಹೂಳುತ್ತಿದ್ದ ಜಾಗ ಎಂದ. ದೀಕ್ಷಾಸ್ನಾನ ಆಗುವ ಮೊದಲೇ ಸತ್ತ ಕೂಸುಗಳಿಗೆ ಆಗೆಲ್ಲ ಚರ್ಚಿನ ಸ್ಮಶಾನದಲ್ಲಿ ಜಾಗವಿರಲಿಲ್ಲ. ಅಪ್ಪಂದಿರು ಪೆಟ್ಟಿಗೆ ಹೊತ್ತು ಒಬ್ಬೊಬ್ಬರೇ ಇಲ್ಲಿಗೆ ಬರುತ್ತಿದ್ದರು. ತಾಯಂದಿರಿಗೆ ಜಾಗ ತೋರಿಸುತ್ತಿರಲಿಲ್ಲ. ಹೆಸರಿಲ್ಲ, ಬರೀ ಒಂದು ಕಲ್ಲು. “ನನ್ನ ಅಕ್ಕನೂ ಇಲ್ಲೇ ಎಲ್ಲೋ ಇರಬೇಕು. ಅಮ್ಮ ಸಾಯುವವರೆಗೂ ಈ ರಸ್ತೆಯ ಉದ್ದಕ್ಕೂ ಹುಡುಕಿದಳು. ಅಪ್ಪ ಬಾಯಿ ಬಿಡಲಿಲ್ಲ” ಎಂದ.

ಉಲ್ಲಾಸ ಇದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಬೇಕಾಯಿತು. ಅಪ್ಪಂದಿರು ಒಬ್ಬರೇ ಬರುತ್ತಿದ್ದರು ಎನ್ನುವಲ್ಲಿ ಅವನು ಹೆಂಡತಿಯ ಕಡೆಗೆ ಬೆನ್ನು ಮಾಡಿದ. ಲೀಲಾವತಿ ಅಲ್ಲೇ ಒದ್ದೆ ಹುಲ್ಲಿನಲ್ಲಿ ಕುಸಿದು ಕೂತರು.

“ಮಗೂನ ಹೂತಿರೋ ಜಾಗದ ಕಲ್ಲು ಕಿತ್ತು ತಂದ್ನಲ್ಲೇ. ಇದೂ ನಾನೇ, ಅದೂ ನಾನೇ. ಮುಖ ತೋರಿಸ್ಬೇಡಿ ಅಂತ ಹೇಳಿದ್ದು ನಾನೇ ಕಣೇ, ನಿನ್ನ ಗಂಡ ಅಲ್ಲ.”

ಪ್ರಕೃತಿ ತಾಯಿಯ ಕೈಯಿಂದ ಕಲ್ಲು ತೆಗೆದುಕೊಂಡಳು. ಎದೆಗೆ ಒತ್ತಿಕೊಂಡಳು. ಕೊಡದೇ ಇದ್ದುಬಿಡುತ್ತಾಳೇನೋ ಎಂದು ಉಲ್ಲಾಸನಿಗೆ ಭಯವಾಯಿತು. ಆಮೇಲೆ ಗೋಡೆ ದಾಟಿ ಒಳಗೆ ಹೋಗಿ, ಹುಲ್ಲು ಬಿಳಿಚಿಕೊಂಡಿದ್ದ ಅಂಗೈ ಅಗಲದ ಗುಂಡಿ ಹುಡುಕಿ, ಮಂಡಿಯೂರಿ ಕಲ್ಲನ್ನು ಅದರಲ್ಲಿ ಕೂರಿಸಿದಳು. ಪಕ್ಕದ ಮಣ್ಣನ್ನು ಬೆರಳಿನಿಂದ ಒತ್ತಿದಳು. ಅಲ್ಲಿಂದಲೇ, ತಿರುಗದೆ, ಕೇಳಿದಳು.

“ನಮ್ದು ಎಲ್ಲಿದೆ ಉಲ್ಲಾಸ್?”

ಅವನು ಹದಿನಾಲ್ಕು ತಿಂಗಳು ಕಾದಿದ್ದ ಪ್ರಶ್ನೆ.

“ಮನೆಯಿಂದ ಇಪ್ಪತ್ತು ನಿಮಿಷ” ಎಂದ. “ಪ್ರತಿ ಭಾನುವಾರ ಹೋಗ್ತೀನಿ. ಕಾರ್ ತೊಳೆಸಕ್ಕೆ ಅಂತ ಹೇಳಿ.”

“ಕಲ್ಲು ಹಾಕಿದಾರಾ?”

“ಇಲ್ಲ. ಹೆಸರು ಏನು ಬರೀಬೇಕು ಅಂತ ಕೇಳಿದ್ರು. ನಿನ್ನ ಕೇಳ್ದೆ ಹೇಗೆ ಹೇಳ್ಲಿ?”

ಪ್ರಕೃತಿ ಆಗ ಅತ್ತಳು. ಬಯಲೆಲ್ಲ ಕೇಳುವಂತೆ ಅತ್ತಳು. ಪೀಟರ್ ನಾಯಿಯ ಕುತ್ತಿಗೆ ಹಿಡಿದುಕೊಂಡು ಬೇರೆ ಕಡೆ ನೋಡುತ್ತ ನಿಂತ. ಅವಳ ಅಳು ನಿಲ್ಲುವಷ್ಟರಲ್ಲಿ ಮಂಜು ಹರಿದು ಎರಿಗಲ್ ಬೆಟ್ಟ ಇದ್ದಲ್ಲೇ, ಬಲಗಡೆಯೇ, ಕಾಣುತ್ತಿತ್ತು.

ಮೂವರೂ ಕಾರು ಹತ್ತಿದರು. “ಅತ್ತೆ, ಮತ್ತೆ ಮೂರೇ ಜನ ಆದ್ವಿ. ಬೇರೆ ಕಲ್ಲು ಬೇಕಾ?” ಎಂದು ಉಲ್ಲಾಸ ಮೆಲ್ಲಗೆ ಕೇಳಿದ. ಲೀಲಾವತಿ ಬೇಡವೆಂದು ತಲೆಯಾಡಿಸಿದರು. ಅವನು ಗಾಡಿ ಸ್ಟಾರ್ಟ್ ಮಾಡಿದ.

ಟಣ್, ಟಣ್, ಟಣ್.

ಕೆಂಪು ದೀಪ. ಹಿಂದಿನ ಸೀಟು, ಲೀಲಾವತಿಯ ಪಕ್ಕದ್ದು. ಕಲ್ಲು ಗೋಡೆಯ ಒಳಗಿತ್ತು. ಸೀಟಿನ ಮೇಲೆ ಏನೂ ಇರಲಿಲ್ಲ. ಲೀಲಾವತಿ ಮೂಲೆಗೆ ಸರಿದು ಕೂತು ಕಣ್ಣು ಮುಚ್ಚಿಕೊಂಡರು.

ಪ್ರಕೃತಿ ಇಳಿದಳು. ಹಿಂದಿನ ಬಾಗಿಲು ತೆರೆದು, ಖಾಲಿ ಸೀಟಿನ ಮೇಲೆ ಬೆಲ್ಟನ್ನು ಎಳೆದು, ಬಿಗಿಯಾಗದಂತೆ ಸರಿಮಾಡಿ ಹಾಕಿದಳು. ಸದ್ದು ನಿಂತಿತು. ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಂದು ಮುಂದೆ ಕೂತಳು.

“ನಿಧಾನಕ್ಕೆ ಹೋಗು” ಎಂದಳು ಗಂಡನಿಗೆ. “ನಮ್ಮವಳನ್ನ ಅವಳ ಜಾಗಕ್ಕೆ ಬಿಟ್ಟು ಮನೆಗೆ ಹೋಗೋಣ.”