ಟೀ ಬಳಿಯದ ಗೋಡೆ

ಶ್ರೀರಂಗಪಟ್ಟಣದ ಹೊಳೆದಂಡೆಯ ಹಳೆಯ ಮಂಟಪಕ್ಕೆ ಪ್ರವಾಸಿಗರು ಬರುವುದು ಬಿಸಿಲೇರಿದ ಮೇಲೆ. ಮಂಗಳಮ್ಮ ಬೆಳಕು ಹರಿಯುವ ಮುಂಚೆಯೇ ಬಾಬುರಾಯನಕೊಪ್ಪಲಿನಿಂದ ಬಂದು ಹಿಂಬದಿಯಲ್ಲಿ ಗಾರೆ ಅರೆಯುತ್ತಿದ್ದಾರೆ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಗುಂಡುಕಲ್ಲು ಸರಿಯುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಈ ಹಿಂಗೋಡೆಯ ಕಡೆಗೆ ಯಾರೂ ಬರುವುದಿಲ್ಲ. ಕಳೆದ ತಿಂಗಳವರೆಗೆ ಅವರ ಕೆಲಸ ಮುಂಗೋಡೆಯಲ್ಲಿತ್ತು.

ಗಾರೆ ಕೆಲಸ ಕಲಿಸಿದವರು ಅತ್ತೆ ಪುಟ್ಟಲಕ್ಷ್ಮಮ್ಮ. ಉದುರಿದ ಕಡೆ ಹೊಸ ಗಾರೆ ಮೆತ್ತುವಾಗ ಅದನ್ನು ಹಳೆಯದರ ಮಟ್ಟಕ್ಕೆ ತರಬಾರದು, ಒಂದು ನೂಲಿನಷ್ಟು ಒಳಗೇ ನಿಲ್ಲಿಸಬೇಕು, ಕೈಯಾಡಿಸಿದರೆ ಹೊಸದರ ಅಂಚು ಸಿಗಬೇಕು ಎಂದು ಅವರು ಕಟ್ಟುನಿಟ್ಟು ಮಾಡಿದ್ದರಂತೆ. ಇಪ್ಪತ್ತು ವರ್ಷದ ಸುಣ್ಣಕ್ಕೆ ಮಂಗಳಮ್ಮನ ಬೆರಳ ತುದಿಗಳು ಬಿರಿದಿವೆ. ಊಟ ಚಮಚದಲ್ಲಿ. "ಸಾರು ತಾಕುದ್ರೆ ಉರೀತದೆ. ಅಜ್ಜಿ ದೊಡ್ಡೋಟ್ಲಲ್ಲಿ ಉಂಡಂಗೆ ಉಣ್ತದೆ ಅಂತ ಮೊಮ್ಮಗಳು ಆಡ್ಕೋತಾಳೆ."

ಕಳೆದ ತಿಂಗಳು ಸ್ನೇಹ ಎಂಬ ಯುವತಿ ಬಂದಿದ್ದರು. ಈಗ ತೀರಿಹೋಗಿರುವ ತಂದೆಯೊಡನೆ ಚಿಕ್ಕಂದಿನಲ್ಲಿ ಮುಂಗೋಡೆಗೆ ಒರಗಿ ಕೂತಿದ್ದರಂತೆ. ಅದಕ್ಕೆ ಕೆನ್ನೆಯಿಟ್ಟು ಕಣ್ಣುಮುಚ್ಚಿ ನಿಂತರು. ಮಂಗಳಮ್ಮನಿಗೆ ಸುಮ್ಮನಿರಲಾಗಲಿಲ್ಲ.

"ಅದು ಅಳೇದಲ್ಲ ಕಣವ್ವ. ಓದ್ವರ್ಸ ನಾನೇ ಮೆತ್ತಿದ್ದು."

ಸ್ನೇಹ ಸರಕ್ಕನೆ ಹಿಂದೆ ಸರಿದರು. ಮಂಗಳಮ್ಮ ಆಕೆಯ ಕೈ ಹಿಡಿದು, ಅಂಚು ದಾಟಿಸಿ, ಪಕ್ಕದ ಹಳೆಯ ಗಾರೆಯ ಮೇಲೆ ಇಟ್ಟರು. ಆಕೆ ಅಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತರು.

ಆದರೆ ಪಕ್ಕದಲ್ಲಿದ್ದ ಪ್ರವಾಸಿಗರಿಗೂ ಆ ಮಾತು ಕೇಳಿಸಿತ್ತು. ಹೊಸ ಗೋಡೆ ತೋರಿಸಲು ಟಿಕೆಟ್ ಯಾಕೆ ಎಂದು ಜಗಳ ತೆಗೆದರು. ಮರುದಿನ ಮೇಸ್ತ್ರಿ ದೇವರಾಜು ಬಕೆಟ್ಟಿನಲ್ಲಿ ಟೀ ಡಿಕಾಕ್ಷನ್ ತಂದಿಟ್ಟು, ಹೊಸ ಗಾರೆಗೆ ಬಳಿದು ಹಳೆಯ ಬಣ್ಣ ಬರಿಸಲು ಹೇಳಿದರು. ಬಂದವರೊಡನೆ ಮಾತು ಬೇಡ ಎಂದರು.

"ಅಳೇ ಗೋಡೆ ಮುಟ್ಟುದ್ವಿ ಅಂತ ಖುಷಿಯಾಗ್ ಓಗ್ಲಿ ಬುಡಕ್ಕ. ನಿಂಗೇನು ನಷ್ಟ?"

"ಟೀನ ಗೋಡೆಗ್ಯಾಕಪ್ಪ ಕುಡುಸ್ತೀಯ, ನಮ್ಗೇ ಕೊಡು" ಎಂದರು ಮಂಗಳಮ್ಮ. ಕೆಲಸದ ಹೆಂಗಸರು ನಕ್ಕರು, ದೇವರಾಜು ನಗಲಿಲ್ಲ. ಅಂದಿನಿಂದ ಅವರಿಗೆ ಹಿಂಗೋಡೆ. ಇದು ಈ ವಾರ ಮುಗಿಯುತ್ತದೆ. ಆಮೇಲೂ ಟೀ ಬಳಿಯಲು ಒಪ್ಪದಿದ್ದರೆ ಇಲ್ಲಿ ಅವರಿಗೆ ಕೆಲಸವಿಲ್ಲ. ದೇವರಾಜು ಕೆಟ್ಟವರಲ್ಲ, ದಿನವೂ ಬಂದು ಕೇಳಿಹೋಗುತ್ತಾರೆ. ದಿನವೂ ಅದೇ ಉತ್ತರ.

ಒಪ್ಪಿಬಿಟ್ಟರೆ ಆಗುವುದೇನು ಎಂದು ಕೇಳಿದರೆ ಮಂಗಳಮ್ಮ ಕರಣೆ ನಿಲ್ಲಿಸುವುದಿಲ್ಲ. ಒಂದು ಅಂಚು ಪೂರ್ತಿ ತೀಡಿದ ಮೇಲೆಯೇ ಮಾತು.

"ಆವಮ್ಮ ಅಪ್ಪನ್ನ ಹುಡ್ಕೊಂಡು ಬಂದಿದ್ಲು. ಅವಳ ಕೈಗೆ ಸುಳ್ಳು ಕೊಡಕ್ಕಾಯ್ತದಾ?" ಹಸಿ ಗಾರೆಯ ಮೇಲೆ ಬೆರಳಾಡಿಸಿ ನೋಡುತ್ತಾರೆ. "ನಂದೂ ಒಂದಿನ ಅಳೇದಾಯ್ತದೆ ಬುಡಿ. ಮಳೆ ಬಿಸ್ಲು ಮಾಡ್ತವೆ ಅದ್ನ. ಅವಸರ ಏನೈತೆ?"