ಬಾಜು ಹೊಲದವನ ಸಾಕ್ಷಿ

ಕಳೆದ ವರ್ಷ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ವಯಸ್ಸು ನಲವತ್ತಾರು. ಖಾನಾಪುರದ ಕಡೆ ಹೊಲ ಅಳೆಯುವವರ ಜೊತೆ ಸರಪಳಿ ಹಿಡಿಯುವುದು ನನ್ನ ಕೆಲಸ. ಐದನೇ ತರಗತಿಯಲ್ಲಿ ತಪ್ಪು ಉತ್ತರ ಹೇಳಿದಾಗ ಎಲ್ಲರೂ ನಕ್ಕಿದ್ದರು. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಮತ್ತೆ ಪುಸ್ತಕ ಹಿಡಿದದ್ದು ಮೂವತ್ತೆಂಟಕ್ಕೆ.

ಭಾನುವಾರದ ತರಗತಿಗೆ ಬೆಳಗಾವಿಗೆ ಹೋಗುತ್ತಿದ್ದೆ. ಇತಿಹಾಸದ ಮೇಡಂ ಒಂದು ಚರ್ಚಾಸ್ಪರ್ಧೆ ಇಟ್ಟರು. ಬೈಬಲ್ ಬಿಟ್ಟು ಬೇರೆ ಬರಹಗಳಲ್ಲಿ ಮೊದಲ ಕಾಲದ ಕ್ರೈಸ್ತರ ಬಗ್ಗೆ ನಂಬುವಂಥ ಸಾಕ್ಷಿ ಇದೆಯೇ ಎಂಬುದು ವಿಷಯ. ಚೀಟಿ ಎತ್ತಿದೆವು. ಇದೆ ಎಂದು ವಾದಿಸುವುದು ಕುರುಬರ ಮನೆಯ ನನ್ನ ಪಾಲಿಗೆ ಬಂತು. ಇಲ್ಲ ಎನ್ನುವುದು ಫಿಲೋಮಿನಾಳ ಪಾಲಿಗೆ. ಖಾನಾಪುರದ ಕ್ರೈಸ್ತರ ಹುಡುಗಿ ಅವಳು. ಚರ್ಚಿನ ಬೆಳಗಿನ ಪೂಜೆ ಮುಗಿಸಿ ನನ್ನ ಬಸ್ಸಿಗೇ ಬರುತ್ತಿದ್ದಳು.

“ಕಾಕಾ, ನಮ್ಮ ದೇವರನ್ನ ನೀವ ಉಳಸ್ರಿ, ನಾ ಬೀಳಸ್ತೇನಿ. ಮನ್ಯಾಗ ಅವ್ವ ಬೈಯಾಕತ್ತಾಳ,” ಎಂದು ನಕ್ಕಳು.

ಗೆಲ್ಲಲೇಬೇಕೆಂದು ಹದಿನೈದು ದಿನ ಓದಿದೆ. ಆ ಕಾಲದ ಒಬ್ಬ ಯಹೂದಿ ಇತಿಹಾಸಕಾರ ಯೇಸುವಿನ ಬಗ್ಗೆ ‘ಅವನೇ ಕ್ರಿಸ್ತ’ ಎಂದು ಬರೆದ ಸಾಲುಗಳನ್ನು ಬಾಯಿಪಾಠ ಮಾಡಿ, ಸ್ಪರ್ಧೆಯ ದಿನ ಗಟ್ಟಿಯಾಗಿ ಹೇಳಿದೆ.

ಫಿಲೋಮಿನಾ ಎದ್ದಳು. “ಯೇಸುನ್ನ ಕ್ರಿಸ್ತ ಅಂತ ಒಪ್ಪಿದಾಂವ ಯಹೂದಿ ಆಗೇ ಹೆಂಗ ಉಳದಾನ್ರಿ ಕಾಕಾ? ಅದನ್ನ ಆಮ್ಯಾಲೆ ಆ ಪುಸ್ತಕಾ ನಕಲು ಮಾಡಿದ ಕ್ರೈಸ್ತರು ಸೇರ್ಸ್ಯಾರ ಅಂತಾರ ಪಂಡಿತರು. ಕೆಳಗಿನ ಟಿಪ್ಪಣಿ ಓದಿಲ್ಲೇನ್ರಿ?”

ಓದಿರಲಿಲ್ಲ. ಸಣ್ಣ ಅಕ್ಷರವೆಂದು ಬಿಟ್ಟಿದ್ದೆ. ಎಲ್ಲರೂ ನಕ್ಕರು. ಐದನೇ ತರಗತಿಯ ಅದೇ ನಗು. ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಓಡಬಾರದೆಂದು ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

“ತಪ್ಪಾತ್ರಿ. ಆ ಮಾತು ಬಿಟ್ಟೆ,” ಎಂದೆ. “ಆದ್ರ ಹೊಲಾ ಅಳೆಯೂ ಮುಂದ ಯಾರೋ ಗಡಿಯ ಬಾಂದು ಕಲ್ಲು ಸರಿಸಿದ್ದು ಕಂಡ್ರ, ಅಲ್ಲಿ ಹೊಲಾನ ಇಲ್ಲ ಅಂತ ನಾವು ಬರಿಯೂದಿಲ್ರಿ. ಬಾಜು ಹೊಲದಾಂವನ್ನ ಕರೀತೇವಿ. ಇವನ ಹೊಲಾ ದೊಡ್ಡದಾದ್ರ ಅವನಿಗೆ ಲುಕ್ಸಾನ. ಅಂಥಾಂವ ‘ಇಲ್ಲಿತನಕಾ ಇವಂದ’ ಅಂದ್ರ ಆ ಮಾತಿಗೆ ತೂಕ ಐತಿ. ರೋಮಿನ ಒಬ್ಬ ಅಧಿಕಾರಿ ತನ್ನ ಚಕ್ರವರ್ತಿಗೆ ಪತ್ರ ಬರದಾನ. ಕ್ರೈಸ್ತರಿಗೆ ಶಿಕ್ಷಾ ಕೊಟ್ಟಾಂವ ಅಂವ. ಅವರದು ಮೂಢನಂಬಿಕಿ ಅಂದಾಂವ. ಅವನೇ ಹೇಳ್ತಾನ, ಈ ಮಂದಿ ಗೊತ್ತು ಮಾಡಿದ ದಿನ ನಸುಕಿನ್ಯಾಗ ಕೂಡಿ, ಕ್ರಿಸ್ತನ್ನ ದೇವರಂತ ಹಾಡ್ತಾರ ಅಂತ. ಅಂವ ಬಾಜು ಹೊಲದಾಂವ್ರಿ!”

ನಗು ನಿಂತಿತು. ಫಿಲೋಮಿನಾ ಮಾತ್ರ ಬಿಡಲಿಲ್ಲ. “ಅಂವ ಯೇಸುನ್ನ ಕಂಡಿಲ್ಲ, ಕ್ರೈಸ್ತರನ್ನ ಕಂಡಾನ. ಅದೂ ಎಷ್ಟೋ ವರ್ಷ ಆದಮ್ಯಾಲೆ.”

“ಖರೇ ಅದವಾ. ಪವಾಡ ಅಳೆಯೂ ಸರಪಳಿ ನನ್ನ ಹಂತೇಲಿ ಇಲ್ಲ. ಅಂಥಾ ಮಂದಿ ಇದ್ರು ಅನ್ನೂದಷ್ಟ ಅಳದೇನಿ.”

ಈ ಸಲ ಮೇಡಂ ಕೂಡ ನಕ್ಕರು. ಬಹುಮಾನ ಫಿಲೋಮಿನಾಗೆ ಹೋಯಿತು. ನನ್ನ ಹಾಳೆಯ ಮೇಲೆ ‘ಟಿಪ್ಪಣಿ ಓದಿ’ ಎಂದು ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು.

ವಾಪಸ್ ಬರುವಾಗ ಬಸ್ಸು ಪೀರನವಾಡಿ ದಾಟುತ್ತಲೇ ಫಿಲೋಮಿನಾಳ ಅವ್ವನ ಫೋನು ಬಂತು. ಎಲ್ಲ ಹೇಳಿ, ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. “ಕಾಕಾ, ನಮ್ಮ ಮಂದಿ ಅಲ್ಲದಾಂವ ನಮ್ಮ ಸಲುವಾಗಿ ಯಾಕ ಇಷ್ಟ ಹಟಾ ಹಿಡದಾ ಅಂತ ಕೇಳಾಕತ್ತಾಳ.”

“ಬಾಜು ಹೊಲದಾಂವ ಅಂತ ಹೇಳವಾ,” ಎಂದೆ.

ಈಗ ನಾನು ಸಣ್ಣ ಅಕ್ಷರವನ್ನೇ ಮೊದಲು ಓದುತ್ತೇನೆ. ‘ತಪ್ಪಾಯಿತು’ ಎಂದ ಮೇಲೂ ಹೇಳುವ ಮಾತು ಉಳಿದಿರುತ್ತದೆ ಎಂದು ಗೊತ್ತಾಗಲು ನನಗೆ ನಲವತ್ತಾರು ವರ್ಷ ಬೇಕಾಯಿತು.