ಜಿಮ್ಮಿ ಮಲಗಿದ್ದ ಬೇಸಗೆ

ನಮ್ಮೂರು ಪಡೀಲಿನ ಮಕ್ಕಳಿಗೆ ಆಗೆಲ್ಲ ಬೇಸಗೆ ರಜೆ ಅಂದರೆ ಗೇರುಬೀಜ. ಅಂಗಳದಲ್ಲಿ ಬೀಜಗಳನ್ನು ಸಾಲಾಗಿ ಇಟ್ಟು, ದೂರದಿಂದ ಒಂದು ದಪ್ಪ ಬೀಜ ಎಸೆದು ಚದುರಿಸಬೇಕು, ಚದುರಿದ್ದೆಲ್ಲ ಎಸೆದವರಿಗೆ. ಸಂಜೆಯಾಗುವಾಗ ಜೇಬು ಭಾರ, ಗೇರುಹಣ್ಣು ತಿಂದು ಗಂಟಲು ಕೆರೆತ, ಫ್ರಾಕಿನ ಮೇಲೆ ಎಷ್ಟು ಒಗೆದರೂ ಹೋಗದ ಕಲೆ. ನನಗೆ ಹತ್ತು ತುಂಬಿದ ವರ್ಷ ಮಾತ್ರ ನಾನು ಜಗಲಿ ಬಿಟ್ಟು ಇಳಿಯುವ ಹಾಗಿರಲಿಲ್ಲ.

ಕಾರಣ ನಮ್ಮ ನಾಯಿ ಜಿಮ್ಮಿ. ನಾನೆಸೆದ ಚೆಂಡಿನ ಹಿಂದೆ ಓಡಿ ಅವನು ಕೆಂಪುಕಲ್ಲು ಕಡಿದ ಕೋರೆಯ ಹೊಂಡಕ್ಕೆ ಬಿದ್ದಿದ್ದ. ಹಿಂಗಾಲು ಎರಡಕ್ಕೂ ಜೀವವಿರಲಿಲ್ಲ. "ನರಳುವುದನ್ನು ನೋಡುವುದಕ್ಕಿಂತ ಒಂದು ಇಂಜೆಕ್ಷನ್ ಕೊಡಿಸುವುದು ಒಳ್ಳೇದು" ಎಂದರು ಪಪ್ಪ. ತಡೆದವಳು ಮಮ್ಮಿಯ ತಂಗಿ ಲಿಲ್ಲಿ ಮಾವ್ಶಿ. ಅವಳು ನರ್ಸು, ಕುವೈತಿನ ಕೆಲಸದ ಕಾಗದ ಕಾಯುತ್ತ ನಮ್ಮಲ್ಲಿ ಉಳಿದಿದ್ದಳು. ಜಿಮ್ಮಿಯನ್ನು ಹಲಗೆಗೆ ಕಟ್ಟಿ, ನನ್ನನ್ನೂ ಕರೆದುಕೊಂಡು ದನದ ಆಸ್ಪತ್ರೆಗೆ ಹೋದಳು.

ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಬೆನ್ನು ಮುಟ್ಟಿ ನೋಡಿ, "ಎಲುಬಿನ ಚೂರು ನರ ಒತ್ತುತ್ತಾ ಉಂಟು. ಕೊಯ್ದು ತೆಗೀಬಹುದು. ನಡೀತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಮತ್ತೆ ಆರು ವಾರ ನೋಡಿಕೊಳ್ಳುವವರು ಯಾರು?" ಎಂದು ಕೇಳಿದರು.

"ನಾನಿದ್ದೇನೆ. ಇವಳೂ ಇದ್ದಾಳೆ" ಎಂದಳು ಮಾವ್ಶಿ.

ಆಪರೇಷನ್ ಆಯಿತು. ಜಗಲಿಯ ಮೂಲೆಯಲ್ಲಿ ಗೋಣಿ ಹಾಸಿ ಜಿಮ್ಮಿಯನ್ನು ಮಲಗಿಸಿದೆವು. ಹುಣ್ಣಾಗದ ಹಾಗೆ ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂತ್ರವನ್ನೂ ನಾವೇ ಮಾಡಿಸಬೇಕು. "ಹೊಟ್ಟೆಯ ಅಡಿ ಕೈ ಇಡು, ಮೂತ್ರದ ಚೀಲ ನಿಂಬೆಹಣ್ಣಿನ ಹಾಗೆ ಸಿಗ್ತದೆ. ಹಿಂಡಬೇಡ, ಮೆಲ್ಲ ಒತ್ತು" ಎಂದು ಮಾವ್ಶಿ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕಲಿಸಿದಳು.

ಕೂತು ಕೂತು ನನಗೆ ಕಾಲು ಜುಮುಗುಡುತ್ತಿತ್ತು. ಪಕ್ಕದ ಅಂಗಳದಿಂದ ಬೀಜಕ್ಕೆ ಬೀಜ ತಾಗುವ ಸದ್ದು, ಗೇರುಬೀಜ ಸುಡುವ ಹೊಗೆ. ಎದ್ದು ಕಂಬದವರೆಗೆ ಹೋಗುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. ಜಿಮ್ಮಿಗೂ ತಡೆಯುತ್ತಿರಲಿಲ್ಲ, ಮುಂಗಾಲಿನ ಉಗುರಲ್ಲಿ ನೆಲ ಕೆರೆಯುತ್ತಲೇ ಇರುತ್ತಿದ್ದ.

ಮೂರನೆಯ ವಾರ ಕುವೈತಿನ ಕಾಗದ ಬಂತು. ಮಾವ್ಶಿ ಟ್ರಂಕು ತರಲು ಪೇಟೆಗೆ ಹೋದಳು. ಒಂದೇ ಆಟ ಎಂದು ನಾನು ಇಳಿದೆ. ಗೆಲ್ಲುತ್ತ ಹೋದೆ, ಹೊತ್ತು ಹೋದದ್ದು ತಿಳಿಯಲಿಲ್ಲ. ತಿರುಗಿ ಬರುವಾಗ ಜಿಮ್ಮಿ ಮೆಟ್ಟಿಲ ಕೆಳಗೆ ಮಣ್ಣಿನಲ್ಲಿ ಬಿದ್ದಿದ್ದ. ನನ್ನ ದನಿ ಕೇಳಿ ಮುಂಗಾಲಿನಲ್ಲೇ ತೆವಳಿ ಬಂದಿದ್ದ. ಹೊಲಿಗೆ ಬಿಚ್ಚಿ ರಕ್ತ ಸುರಿಯುತ್ತಿತ್ತು.

ಅಷ್ಟರಲ್ಲಿ ಮಾವ್ಶಿ ಬಂದಳು. ಟ್ರಂಕನ್ನು ಅಂಗಳದಲ್ಲೇ ಬಿಟ್ಟು ಅವನನ್ನೆತ್ತಿ ಮಲಗಿಸಿ, ಗಾಯಕ್ಕೆ ಬಟ್ಟೆ ಒತ್ತಿ ಹಿಡಿದಳು.

"ಎಷ್ಟು ಬೀಜ ಗೆದ್ದೆ?"

"ಹನ್ನೆರಡು."

"ಸರಿ. ಕೈ ತೊಳೆದು ಬಾ. ತಲೆ ಹಿಡ್ಕೊ."

ಅವಳು ಬೈದಿದ್ದರೆ ನಾನು ಅತ್ತುಬಿಡುತ್ತಿದ್ದೆ. ಬೈಯಲಿಲ್ಲ. ಡಾಕ್ಟರು ಮತ್ತೆ ಹೊಲಿಗೆ ಹಾಕಿದರು. ವಾರ ಕಳೆದು, ಬೊಂಬಾಯಿಗೆ ಹೋಗಿ ಹಡಗು ಹತ್ತಲು ಮಾವ್ಶಿ ಹೊರಟಾಗ ನನಗೆ ಹೇಳಿದ್ದು ಇಷ್ಟೇ: "ಅವನಿಗೆ ನಿನ್ನ ಕೈ ಗೊತ್ತುಂಟು ಈಗ."

ಆಮೇಲೆ ನಾನು ಇಳಿಯಲಿಲ್ಲ. ಜಿಮ್ಮಿಯ ಹೊಟ್ಟೆಯಡಿ ಟವೆಲು ಹಾಕಿ ಎತ್ತಿ ಹಿಡಿದು, ದಿನಾ ಬೆಳಿಗ್ಗೆ ಜಗಲಿಯುದ್ದಕ್ಕೂ ನಡೆಸುತ್ತಿದ್ದೆ. ಹಿಂಗಾಲು ಎಳೆದುಕೊಂಡೇ ಬರುತ್ತಿತ್ತು. ಶಾಲೆ ತೆರೆಯಲು ನಾಲ್ಕು ದಿನ ಇರುವಾಗ ಟವೆಲಿನ ಭಾರ ಒಮ್ಮೆಲೇ ಕಡಿಮೆಯಾಯಿತು. ಬಗ್ಗಿ ನೋಡಿದೆ. ಬಲಗಾಲು ನೆಲಕ್ಕೆ ಊರಿತ್ತು. ಮೂರು ಹೆಜ್ಜೆ ಇಟ್ಟು ಬಿದ್ದ. ಪಪ್ಪನನ್ನು ಕರೆದೆ. ಅವರು ಮತ್ತೊಮ್ಮೆ ನಡೆಸಲು ಹೇಳಿದರು. ಅವನು ನಡೆದಾಗ ಬಾವಿಯ ಕಡೆ ಹೋಗಿ ಮುಖ ತೊಳೆದುಕೊಂಡರು.

ಜಿಮ್ಮಿ ಓಡಲಿಲ್ಲ, ಸೊಂಟ ಒಂದು ಬದಿಗೆ ವಾಲಿಸಿಕೊಂಡೇ ಎರಡು ವರ್ಷ ನಡೆದ. ಮಾವ್ಶಿ ಮೊದಲ ರಜೆಗೆ ಬರುವಷ್ಟರಲ್ಲಿ ತೀರಿಹೋಗಿದ್ದ. "ಹೇಗೆ ನಡೀತಿದ್ದ, ತೋರಿಸು ಮಾರಾಯ್ತಿ" ಎಂದಳು. ನಾನು ಅಂಗಳದಲ್ಲಿ ಹಾಗೇ ವಾಲಿಕೊಂಡು ನಡೆದು ತೋರಿಸಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇನ್ನೊಮ್ಮೆ" ಎಂದಳು. ಪ್ರತಿ ರಜೆಯಲ್ಲೂ ಕೇಳುತ್ತಿದ್ದಳು. ನನಗೆ ಮದುವೆಯಾಗಿ ಮಕ್ಕಳಾದ ಮೇಲೂ ತೋರಿಸುತ್ತಿದ್ದೆ. ಈಗ ಕೇಳಲು ಅವಳಿಲ್ಲ. ಆ ನಡಿಗೆ ನನ್ನೊಬ್ಬಳಿಗೇ ಗೊತ್ತು.